ಹಳಿಗೆ ಹಾಕುವ ಎಣ್ಣೆ

ಜೂನ್ 3

ಅಣ್ಣನಿಗೆ,

ಇವತ್ತು ನನಗೆ ಉಪವಾಸ. ಬೆಳಗಿನ ಕೆಲಸ ಮುಗಿದಿದೆ. ನೀರು ಹಿಡಿದಿಟ್ಟೆ, ಕೋಣೆ ಗುಡಿಸಿ ಒರೆಸಿದೆ, ಸಮವಸ್ತ್ರ ಒಗೆದು ಹರವಿದೆ, ದೇವರ ಮುಂದೆ ದೀಪ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೊಟ್ಟೆ ಖಾಲಿಯಿರುವಾಗ ನನಗೆ ಸುಳ್ಳು ಬರೆಯಲು ಬರುವುದಿಲ್ಲ. ಅದಕ್ಕೇ ಈ ದಿನ ನೋಡಿ ಕೂತಿದ್ದೇನೆ.

ಹನ್ನೊಂದು ವರ್ಷದ ಮೇಲೆ ಬರೆಯುತ್ತಿರುವುದು ರಾಜಿಗಲ್ಲ. ನೀನು ಲಿಫ್ಟ್ ನಿಲ್ಲಿಸಿಕೊಂಡು ಕೂತ ದಿನ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಐದು ಮಹಡಿ ಹೊತ್ತು ಹತ್ತಿಸಿದ್ದನ್ನು ನಾನು ಮರೆತಿಲ್ಲ. "ಒಂದೇ ಒಂದು ಸಲ ಬಿಡು" ಎಂದು ನಿನ್ನ ಕಾಲು ಹಿಡಿದಿದ್ದೆ. "ಹಳಿ ಸರಿಯಿಲ್ಲ, ಆಗಲ್ಲ" ಅಂದೆ. ಅಷ್ಟೇ ಅಂದೆ. ಮೂರನೇ ದಿನ ನಿನ್ನ ಲಿಫ್ಟು ಸರಿಯಾಯಿತು. ಅಮ್ಮ ಅದರಲ್ಲಿ ಕೆಳಗಿಳಿದಳು, ಬಿಳಿ ಬಟ್ಟೆ ಹೊದ್ದು. ಆ ಮೂರು ದಿನ ನಿನ್ನನ್ನು ವಾರ್ಡಿನ ಬಾಗಿಲು ದಾಟಲು ನಾನು ಬಿಡಲಿಲ್ಲ. ಅದೂ ನೆನಪಿದೆ.

ಈಗ ವಿಷಯ. ಲಿಫ್ಟು ಕಿರುಚುತ್ತಿದೆ. ಮೂರನೇ ಮಹಡಿ ದಾಟುವಾಗ ಶುರುವಾದರೆ ನಾಲ್ಕನೆಯದು ಮುಟ್ಟುವವರೆಗೆ, ಯಾರೋ ಹಲ್ಲು ಕಡಿಯುವ ಹಾಗೆ. ಐದನೇ ಮಹಡಿಗೆ ಹೋಗುವವರೆಲ್ಲ ಎದೆಯ ರೋಗಿಗಳು. ಮೊನ್ನೆ ಒಬ್ಬ ಮುದುಕ ಸ್ಟ್ರೆಚರಿನಿಂದ ತಲೆಯೆತ್ತಿ, "ಏನಮ್ಮಾ, ಇದು ವಾರ್ಡಿಗೆ ಹೋಗತ್ತಾ, ಇಲ್ಲಾ ನೇರ ಮೇಲಕ್ಕೇ ಹೋಗತ್ತಾ?" ಅಂದ. "ಸದ್ಯಕ್ಕೆ ಐದನೇ ಮಹಡಿವರೆಗೆ ಮಾತ್ರ ಅಪ್ಪಣೆ ಇದೆ" ಅಂದೆ. ನಕ್ಕ. ಆದರೆ ಐದನೇ ಮಹಡಿ ಬರುವವರೆಗೆ ಕಂಬಿ ಬಿಡಲಿಲ್ಲ.

ಕಂಪನಿಯ ಮೆಕ್ಯಾನಿಕ್ ಬರುವುದು ಎರಡು ತಿಂಗಳಿಗೊಮ್ಮೆ. ಸ್ಟೋರ್ ಕೀಪರ್ ಮೂರು ಡಬ್ಬಿ ತೋರಿಸುತ್ತಾನೆ: ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ, ಕಪ್ಪಗೆ ಮಿನುಗುವ ಒಂದು ಎಣ್ಣೆ, ಹಳದಿ ಗ್ರೀಸು. "ಯಾವುದಾದ್ರೂ ಹಾಕಿ, ಜಾರಿದ್ರೆ ಸಾಕಲ್ವಾ?" ಅನ್ನುತ್ತಾನೆ. ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಹೋದ ವಾರ ಬಾಗಿಲಿನ ಜಾಲರಿಯ ಸಂದಿಯಿಂದ ಕೈ ತೂರಿಸಿ, ಕೋಲಿಗೆ ಬಟ್ಟೆ ಸುತ್ತಿ, ದೇವರ ದೀಪದ ಎಣ್ಣೆಯನ್ನೇ ಪೆಟ್ಟಿಗೆ ಓಡುವ ಹಳಿಗೆ ಸವರಿದೆ. ನಾಲ್ಕು ದಿನ ಸುಮ್ಮನಿತ್ತು. ಈಗ ಮೊದಲಿಗಿಂತ ಜೋರು.

ಈ ಲಿಫ್ಟನ್ನು ಕೂರಿಸಿದವನು ನೀನು, ಇದರ ಹುಟ್ಟುಗುಣ ಬಲ್ಲವನೂ ನೀನೊಬ್ಬನೇ. ಫೋನು ಮಾಡಿದ್ದೆ. ಮೋಟಾರಿನ ಸದ್ದಿಗೆ ನಿನ್ನ ಕಿವಿ ಪೂರ್ತಿ ಹೋಯಿತೆಂದು ನಿನ್ನ ಮಗಳು ಹೇಳಿದಳು. "ಅಪ್ಪಂಗೆ ಈಗ ಬರೆದೇ ತೋರಿಸ್ಬೇಕು ಅತ್ತೆ" ಅಂದಳು. ಬರೆದಿದ್ದೇನೆ. ಮಾತಾಡಲು ಮನಸ್ಸಿಲ್ಲದಿದ್ದರೆ ಡಬ್ಬಿಯ ಹೆಸರೊಂದೇ ಬರೆದು ಕಳಿಸು.

ಇಂತಿ,
ಆಸ್ಪತ್ರೆಯ ಲಿಫ್ಟಿನವಳು


ಜೂನ್ 9

ಲಿಫ್ಟಿನವಳಿಗೆ,

ಕಾಗದ ತಲುಪಿತು. ದೀಪದ ಎಣ್ಣೆಯನ್ನು ದೀಪಕ್ಕೆ ಹಾಕು. ಹಳಿಯ ಮೇಲೆ ಅದು ಗಾಳಿಗೆ ಅಂಟಾಗುತ್ತದೆ, ಧೂಳು, ಬ್ಯಾಂಡೇಜಿನ ನೂಲು ಎಲ್ಲವನ್ನೂ ಹಿಡಿದುಕೊಂಡು ಮೇಣವಾಗುತ್ತದೆ. ಇನ್ನೊಂದು ಸಲ ಜಾಲರಿಯೊಳಗೆ ಕೈ ತೂರಿಸಿದರೆ ಆಮೇಲೆ ಯಾವ ಕೈಯಲ್ಲಿ ದೀಪ ಹಚ್ಚುತ್ತೀಯ?

ಮೂರು ಡಬ್ಬಿಯೂ ಬೇಡ. ತೆಳು ಎಣ್ಣೆ ಹಳಿಯ ಮೇಲೆ ನಿಲ್ಲುವುದಿಲ್ಲ, ಸೋರಿ ಕೆಳಗಿನ ಗುಂಡಿಯಲ್ಲಿ ಸೇರಿ ಬೆಂಕಿಗೆ ಕಾದು ಕೂರುತ್ತದೆ. ಕಪ್ಪಗಿರುವುದರಲ್ಲಿ ಪೆನ್ಸಿಲಿನ ಕಡ್ಡಿಯ ಪುಡಿ ಬೆರೆಸಿದ್ದಾರೆ, ಅದು ವಿಪರೀತ ಜಾರುತ್ತದೆ. ಹಳದಿ ಗ್ರೀಸನ್ನು ಮುಟ್ಟಲೇ ಬೇಡ. ಮುಟ್ಟಲೇ ಬೇಡ.

ಲಿಫ್ಟು ಜಾರಬೇಕು ತಾನೆ, ಜಾಸ್ತಿ ಜಾರಿದರೆ ಒಳ್ಳೆಯದಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲ. ಪೆಟ್ಟಿಗೆಯ ಅಡಿಯಲ್ಲಿ ಎರಡು ಕಡೆಯೂ ಉಕ್ಕಿನ ಬೆಣೆಗಳಿವೆ. ಪೆಟ್ಟಿಗೆ ಮಿತಿಮೀರಿದ ವೇಗದಲ್ಲಿ ಇಳಿಯತೊಡಗಿದರೆ ಅವು ಎದ್ದು ಹಳಿಯನ್ನು ಕಚ್ಚುತ್ತವೆ. ಹಗ್ಗ ಹರಿದರೂ ಹಳಿ ಹಿಡಿದುಕೊಳ್ಳುತ್ತದೆ. ದಿನವೂ ಜಾರಲು ಬಿಡುವ ಹಳಿಯೇ ಆ ಒಂದು ದಿನ ಹಿಡಿಯಬೇಕು. ಎಣ್ಣೆ ಎರಡಕ್ಕೂ ಒಗ್ಗಬೇಕು. ಜಾರಿಸುವುದನ್ನು ಮಾತ್ರ ಬಲ್ಲ ಎಣ್ಣೆ ಕೊಲ್ಲುತ್ತದೆ.

ಹಳಿಗೆಂದೇ ಮಾಡಿದ ಎಣ್ಣೆ ಸಿಗುತ್ತದೆ; ಡಬ್ಬಿಯ ಮೇಲೆ 'ಗೈಡ್ ರೈಲ್' ಎಂದಿರಬೇಕು. ಎಷ್ಟು ದಪ್ಪದ್ದು ಎಂಬುದಕ್ಕೆ ಕಂಪನಿಯ ಪುಸ್ತಕದ ಅಂಕಿಯೇ ಕೊನೆಯ ಮಾತು, ನನ್ನದಲ್ಲ. ಅದಕ್ಕೂ ಮೊದಲು, ಪೆಟ್ಟಿಗೆಯ ಬದಿಯಲ್ಲಿ ಹಳಿಯನ್ನು ಅಪ್ಪಿಕೊಂಡಿರುವುದು ಜಾರುವ ಪಾದವೋ ರಬ್ಬರ್ ಚಕ್ರವೋ ನೋಡಿಸು. ನಾನಿದ್ದಾಗ ಪಾದ. ಈಗ ಚಕ್ರ ಹಾಕಿದ್ದರೆ ಒಂದು ಹನಿ ಎಣ್ಣೆಯೂ ಬೇಡ.

ಹಳಿ ಪೂರ್ತಿ ಒರೆಸಿ, ಪರೀಕ್ಷೆ ಮಾಡುವವರೆಗೆ ಲಿಫ್ಟು ನಿಲ್ಲಿಸು. ಯಾರು ಬೇಡಿಕೊಂಡರೂ ಬಿಡಬೇಡ.

ಅಣ್ಣ


ಜೂನ್ 18

ಅಣ್ಣನಿಗೆ,

ನಿನ್ನ ಕಾಗದ ಓದಿದ ದಿನವೇ ಲಿಫ್ಟಿಗೆ ಬೀಗ ಹಾಕಿಸಿದೆ. ಮೇಲಧಿಕಾರಿ "ಯಾರು ಹೇಳಿದ್ದು ನಿನಗೆ?" ಅಂದರು. "ಇದನ್ನ ಕೂರಿಸಿದವರು" ಅಂದೆ. ದೀಪದ ಎಣ್ಣೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಚೆನ್ನಾಗಿ ಬೈಸಿಕೊಂಡೆ.

ಕಂಪನಿಯ ಮೆಕ್ಯಾನಿಕ್ ಮಾರನೇ ದಿನವೇ ಓಡಿ ಬಂದ. ದಪ್ಪನೆಯ ಮನುಷ್ಯ, ಬಾಯಿ ನಿಲ್ಲುವುದಿಲ್ಲ. "ಅಲ್ಲಕ್ಕಾ, ದೇವರಿಗೆ ಹಾಕೋದನ್ನ ಇದಕ್ಕೆ ಹಾಕಿದ್ರೆ ಇದೂ ವರ ಕೊಡತ್ತೆ ಅಂದ್ಕೊಂಡ್ರಾ?" ಅಂದ. ಜಾರುವ ಪಾದವೇ ಇದೆಯಂತೆ. ಅದರ ನೆತ್ತಿಯ ಮೇಲೆ ಪುಟ್ಟ ಎಣ್ಣೆ ಡಬ್ಬಿ, ಡಬ್ಬಿಯಿಂದ ಹಳಿಗೆ ನಾಲಿಗೆ ಚಾಚಿದ ಉಣ್ಣೆಯ ಬತ್ತಿ. ಬತ್ತಿ ಒಣಗಿ ಕಲ್ಲಾಗಿತ್ತು. ಕಿರುಚಾಟ ಅದರದ್ದೇ. ನಾನು ದೀಪದ ಬತ್ತಿಯನ್ನು ದಿನಾ ನೋಡುತ್ತೇನೆ, ಈ ಬತ್ತಿ ಇರುವುದೇ ಗೊತ್ತಿರಲಿಲ್ಲ.

ಎಲ್ಲ ಬಂದ್ ಮಾಡಿದ ಮೇಲೆ ನನ್ನನ್ನು ಕೆಳಗಿನ ಗುಂಡಿಗೆ ಇಳಿಸಿ ಟಾರ್ಚು ಕೊಟ್ಟ. ಹತ್ತೊಂಬತ್ತು ವರ್ಷ ಆ ಪೆಟ್ಟಿಗೆಯೊಳಗೆ ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ ಅಣ್ಣ, ಅದರ ಹೊರಗೆ ಏನಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ಟಾರ್ಚು ಮೇಲಕ್ಕೆ ಹಿಡಿದೆ. ಎರಡು ಹಳಿಗಳು ಕತ್ತಲೆಯೊಳಗೆ ಏರುತ್ತಾ ಏರುತ್ತಾ ಕೊನೆಗೆ ಒಂದೇ ಆದಂತೆ ಕಂಡವು. ಹಳಿಯನ್ನು ತುಂಡು ತುಂಡಾಗಿ ಜೋಡಿಸಿದ್ದಾರಂತೆ. ಕೂಡಿದ ಜಾಗದ ಮೇಲೆ ಬೆರಳಾಡಿಸಿದರೆ ಉಗುರಿಗೂ ಸಿಗಲಿಲ್ಲ. "ಯಾರು ಕೂರಿಸಿದ್ರೋ ಪುಣ್ಯಾತ್ಮ, ಎಂಥಾ ಕೈ" ಅಂದ ಮೆಕ್ಯಾನಿಕ್. ಯಾರೆಂದು ನಾನು ಹೇಳಲಿಲ್ಲ. ಹೇಳಬೇಕಿತ್ತು.

ಬೆಣೆಗಳನ್ನೂ ತೋರಿಸಿದ. ಅಂಗೈಯಗಲದ ಉಕ್ಕು. ಅದಕ್ಕೂ ಹಳಿಗೂ ನಡುವೆ ಎರಡು ನಾಣ್ಯ ತೂರುವಷ್ಟೇ ಸಂದು. ದಿನಕ್ಕೆ ಇನ್ನೂರು ಸಲ ಹಳಿಯ ಪಕ್ಕದಲ್ಲೇ ಓಡಾಡುತ್ತದೆ, ಒಂದು ಸಲವೂ ತಾಗುವುದಿಲ್ಲ. ಕಾಯುತ್ತಿರುತ್ತದೆ, ಅಷ್ಟೆ. ನಾನು ಎಷ್ಟು ಸಲ ಆ ಪೆಟ್ಟಿಗೆಯಲ್ಲಿ ನಿಂತು "ದೇವರೇ, ನೀನೇ ಹಿಡಿದುಕೋ" ಎಂದಿದ್ದೇನೆ. ಕಾಲಡಿಯಲ್ಲೇ ಇದು ಇತ್ತು. ಕೈಮುಗಿಯಬೇಕೆನ್ನಿಸಿತು. ಕೈ ತುಂಬ ಮಸಿ. ಹಾಗೆಯೇ ಮುಗಿದೆ.

ನಿನ್ನೆ ಬೆಳಿಗ್ಗೆ ಹಳಿ ಅರ್ಧ ಒರೆಸಿಯಾಗಿತ್ತು. ಒಬ್ಬಳು ತಾಯಿಯನ್ನು ಕರೆತಂದಳು. ನನ್ನ ಮುಂದೆ ನಿಂತು, "ಒಂದೇ ಒಂದ್ಸಲ ಬಿಡಮ್ಮಾ, ನಿನ್ ಕಾಲಿಗೆ ಬೀಳ್ತೀನಿ" ಅಂದಳು. ಬಿದ್ದೂಬಿಟ್ಟಳು. "ಆಗಲ್ಲ ತಾಯಿ" ಅಂದೆ. ಅವಳ ತಾಯಿಯನ್ನು ಕೂರಿಸಿದ ಕುರ್ಚಿಯ ಒಂದು ಕಾಲು ನಾನೇ ಹಿಡಿದು ಐದು ಮಹಡಿ ಹತ್ತಿದೆ. ಅವಳು ನನ್ನನ್ನು ನೋಡಿದ ನೋಟವನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ನೋಡಿಲ್ಲ. ಅದು ನಾನು ನಿನ್ನನ್ನು ನೋಡಿದ್ದ ನೋಟ.

ಇಷ್ಟಕ್ಕೇ ಕರಗಿದೆನೆಂದು ತಿಳಿಯಬೇಡ. ಒಂದು ಕೇಳುತ್ತೇನೆ. ಆವತ್ತು ಹಳಿಗೆ ಏನಾಗಿತ್ತು?

ತಂಗಿ


ಜೂನ್ 23

ತಂಗಿಗೆ,

ಒರೆಸುವುದು ಮೇಲಿನಿಂದ ಕೆಳಕ್ಕೆ. ನೂಲು ಬಿಡದ ಬಟ್ಟೆ. ಮೂರು ಮೈಯನ್ನೂ ಒರೆಸಬೇಕು, ಎದುರಿನದು ಮಾತ್ರವಲ್ಲ. ಕೊನೆಗೆ ಬಿಳಿ ಬಟ್ಟೆ ಎಳೆದು ನೋಡಲಿ, ಬಿಳಿಯಾಗಿಯೇ ಬರಬೇಕು. ಬತ್ತಿ ಹೊಸದು ಹಾಕಿಸು. ಎಣ್ಣೆ ತೆಳುವಾದ ಪದರ ಸಾಕು. ಬೆರಳಿಟ್ಟರೆ ಮಿನುಗಬೇಕು, ಹನಿಯಬಾರದು.

ಇನ್‌ಸ್ಪೆಕ್ಟರ್ ಬಂದು ಪೂರ್ತಿ ಭಾರ ಹೇರಿ ಬೆಣೆ ಕಚ್ಚಿಸಿ ನೋಡುವವರೆಗೆ ಬೀಗ ತೆಗೆಯಬೇಡ. ಪರೀಕ್ಷೆಯ ಹೊತ್ತಿಗೆ ಒಳಗೆ ಯಾರೂ ಇರಬಾರದು. ನೀನಂತೂ ಇರಕೂಡದು. ನಿನ್ನ ಮೊಂಡುತನ ಗೊತ್ತು, ಅದಕ್ಕೆ ಬರೆದೆ.

ನಿನ್ನ ಕಾಲಿಗೆ ಬಿದ್ದವಳ ತಾಯಿ ಈಗ ಹೇಗಿದ್ದಾರೆ?

ಅಣ್ಣ


ಜೂನ್ 30

ಅಣ್ಣ,

ಆ ತಾಯಿ ಚೆನ್ನಾಗಿದ್ದಾರೆ. ನಾಳಿದ್ದು ಮನೆಗೆ. ಲಿಫ್ಟಿನಲ್ಲೇ ಇಳಿಸುತ್ತೇನೆ.

ಇವತ್ತು ಪರೀಕ್ಷೆ ಆಯಿತು. ಪೆಟ್ಟಿಗೆ ತುಂಬ ಕಬ್ಬಿಣದ ತೂಕ ಹೇರಿದರು, ಹತ್ತು ಜನರ ಭಾರ. ನಾನು ಮೂರನೇ ಮಹಡಿಯ ಮೆಟ್ಟಿಲ ಬಳಿ ನಿಂತಿದ್ದೆ. ಇನ್‌ಸ್ಪೆಕ್ಟರ್ ಹೆಂಗಸು, ಮಾತು ಕಡಿಮೆ. "ಇಳಿಸಿ" ಅಂದರು. ಪೆಟ್ಟಿಗೆ ಇಳಿಯತೊಡಗಿತು. ಮೇಲಿನ ಮೋಟಾರ್ ಕೋಣೆಯಲ್ಲಿ ಮೆಕ್ಯಾನಿಕ್ ವೇಗ ಕಾಯುವ, ಬೆಣೆ ಎಬ್ಬಿಸುವ ಚಕ್ರವನ್ನು ಕೈಯಿಂದ ತಡೆದ. ಒಂದು ಸದ್ದು. ಇಡೀ ಕಟ್ಟಡ ಒಮ್ಮೆ ಗಂಟಲು ಸರಿಮಾಡಿಕೊಂಡ ಹಾಗೆ. ಅಷ್ಟೇ.

ಬಾಗಿಲು ತೆಗೆಸಿ ಬಗ್ಗಿ ನೋಡಿದೆ. ಹಗ್ಗಗಳು ಸಡಿಲಾಗಿ ತೂಗುತ್ತಿದ್ದವು ಅಣ್ಣ. ಹಗ್ಗ ಯಾವ ಭಾರವನ್ನೂ ಹೊತ್ತಿರಲಿಲ್ಲ. ಪೆಟ್ಟಿಗೆ ಅಲ್ಲೇ ನಿಂತಿತ್ತು, ಕೂದಲೆಳೆಯಷ್ಟೂ ಅಲುಗದೆ. ಹತ್ತು ಜನರ ಭಾರವನ್ನು ಆ ಎರಡು ಹಳಿಗಳೇ ಹಿಡಿದಿದ್ದವು, ನಾವೇ ಎಣ್ಣೆ ಸವರಿದ ಹಳಿಗಳು. ಮತ್ತೆ ಮತ್ತೆ ಹಗ್ಗ ನೋಡಿದೆ, ಹಳಿ ನೋಡಿದೆ. ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿ, "ನನಗೂ ಪ್ರತಿ ಸಲ ಹಾಗೇ ಆಗತ್ತೆ" ಅಂದರು.

ಆಮೇಲೆ ಬೆಣೆ ಬಿಡಿಸಿ, ಹಳಿಯ ಮೇಲಿನ ಗುರುತು ತೋರಿಸಿದರು. ಎರಡು ಕಡೆಯೂ ಹೊಸದಾಗಿ ಹೊಳೆಯುವ ಕಚ್ಚು, ನನ್ನ ಬೆರಳಿನಷ್ಟುದ್ದ. ಅದರ ಮೇಲ್ಗಡೆ ಇನ್ನೊಂದು ಗುರುತಿತ್ತು. ಹಳೆಯದು. ಯಾರೋ ಅರದಿಂದ ಉಜ್ಜಿ ನಯ ಮಾಡಿದ್ದಾರೆ, ಆದರೂ ಉಳಿದಿದೆ. ಅದು ಬೆರಳುದ್ದವಲ್ಲ. ನನ್ನ ಎರಡು ತೋಳು ಚಾಚಿದರೂ ಸಾಲದಷ್ಟು ಉದ್ದ.

"ಇದು ಹಿಡಿದ ಗುರುತಲ್ಲಕ್ಕಾ" ಅಂದ ಮೆಕ್ಯಾನಿಕ್. ಅವನ ಬಾಯಿ ಇವತ್ತು ಮೊದಲ ಸಲ ಮೆತ್ತಗಾಯಿತು. "ಹಿಡಿಯೋಕ್ಕಾಗದೆ ಜಾರಿದ ಗುರುತು. ಯಾರೋ ಹಳಿಗೆ ಗ್ರೀಸ್ ಬಳಿದಿರಬೇಕು."

ಮೇಲಿನ ಕೋಣೆಯಿಂದ ಲಿಫ್ಟಿನ ಕೆಲಸ ಬರೆದಿಡುವ ಹಳೇ ಪುಸ್ತಕ ತರಿಸಿದೆ. ನಿನ್ನ ಅಕ್ಷರ. ತಾರೀಕು ಅಮ್ಮ ಆಸ್ಪತ್ರೆಗೆ ಬಂದ ದಿನದ್ದು. "ಎರಡೂ ಹಳಿಗೆ ಗ್ರೀಸ್. ಖಾಲಿ ಪೆಟ್ಟಿಗೆಯಲ್ಲಿ ಪರೀಕ್ಷೆ. ಹಿಡಿಯಲಿಲ್ಲ. ನಿಲ್ಲಿಸಲಾಗಿದೆ." ಮೂರನೇ ದಿನ: "ಒರೆಸಿ ಮುಗಿಯಿತು. ಪರೀಕ್ಷೆ. ಹಿಡಿಯಿತು." ಗ್ರೀಸ್ ಬಳಿದವರು ಯಾರು ಎಂಬಲ್ಲಿ: "ಗೊತ್ತಿಲ್ಲ."

ಒಂದು ತಿರುಪಿನ ಅಳತೆಯನ್ನೂ ಬಿಡದೆ ಬರೆಯುವವನು ನೀನು. ನಿನಗೆ ಗೊತ್ತಿರಲಿಲ್ಲವೇ?

ಆಗ ಹಳದಿ ಗ್ರೀಸಿನ ಡಬ್ಬಿ ಇದ್ದದ್ದು ಜನರೇಟರ್ ಕೋಣೆಯಲ್ಲಿ. ಬೀಗದ ಕೈ ಇದ್ದದ್ದು ಜನರೇಟರ್ ನೋಡಿಕೊಳ್ಳುತ್ತಿದ್ದ ನನ್ನ ಮನೆಯವರ ಬಳಿ. ಆ ವಾರ ಅವರ ಅಂಗಿಯ ತೋಳಿನ ಹಳದಿ ಕಲೆಯನ್ನು ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದವಳು ನಾನೇ. "ನಿಮ್ಮಮ್ಮ ಬರೋ ಹೊತ್ತಿಗೆ ಆ ಲಿಫ್ಟಿನ ಕಿರುಚಾಟ ನಿಲ್ಲಿಸಿರ್ತೀನಿ ನೋಡು" ಎಂದಿದ್ದರು. ನಾನು ನಕ್ಕಿದ್ದೆ. ಆಮೇಲೆ ನಾನು ನಿನ್ನನ್ನು ಬೈಯುವಾಗಲೆಲ್ಲ ಅವರು ಎದ್ದು ಹೊರಗೆ ಹೋಗುತ್ತಿದ್ದರು. ನಿನ್ನ ಮೇಲಿನ ಸಿಟ್ಟೆಂದುಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಳ್ಳುವಾಗಲೂ ಏನೋ ಹೇಳಲು ಹೋಗಿ, ನೀರು ಕೇಳಿದರು.

ಅವರು ಗ್ರೀಸ್ ಹಾಕಿದರು, ನಾನು ದೀಪದ ಎಣ್ಣೆ ಹಾಕಿದೆ. ಗಂಡ ಹೆಂಡತಿ ಇಬ್ಬರದೂ ಒಂದೇ ಬುದ್ಧಿ. ಪ್ರೀತಿಯಿಂದಲೇ ಹಾಕಿದ್ದು.

ಅಣ್ಣ, ಬರಿ. ಬೈಯಲಾದರೂ ಬರಿ.

ತಂಗಿ


ಆಗಸ್ಟ್ 11

ಮೊಂಡಿಗೆ,

ತಡವಾಯಿತು. ಆರು ಸಲ ಬರೆದು ಹರಿದೆ. ಮಗಳು, "ಏನಪ್ಪಾ, ಲಿಫ್ಟು ಕೂರಿಸೋಕ್ಕಿಂತ ಕಷ್ಟನಾ ಇದು?" ಎಂದು ಬರೆದು ತೋರಿಸಿದಳು. ಹೌದು ಎಂದು ತಲೆಯಾಡಿಸಿದೆ.

ನಿನ್ನ ಗಂಡನ ಮೇಲೆ ಸಿಟ್ಟಾಗಬೇಡ. ಆವತ್ತು ಬೆಳಿಗ್ಗೆ ಅವನೇ ಬಂದು, "ಭಾವ, ಸದ್ದು ನಿಲ್ಲಿಸಿದೀನಿ, ಕೇಳಿ ನೋಡಿ" ಅಂದ, ಬಹುಮಾನ ಗೆದ್ದವನ ಹಾಗೆ ನಗುತ್ತಾ. ನಾನು ಪರೀಕ್ಷೆ ಮಾಡಿ ತೋರಿಸಿದೆ. ಖಾಲಿ ಪೆಟ್ಟಿಗೆಯನ್ನೇ ಹಿಡಿಯಲಾಗಲಿಲ್ಲ. ಅವನು ಅಂಗಿಯ ತೋಳಿನಿಂದಲೇ ಹಳಿ ಒರೆಸತೊಡಗಿದ. ಇನ್ನೊಂದು ಗಂಟೆಗೆ ಅಮ್ಮ ಬರುವವಳಿದ್ದಳು. ಅಮ್ಮನ ಜೊತೆ ಒಳಗೆ ನಿಂತು ಬಾಗಿಲು ಎಳೆದುಕೊಳ್ಳಬೇಕಿದ್ದವಳು ನೀನು. "ಅವಳಿಗೆ ಹೇಳ್ಬೇಡಿ" ಅಂದ. ಮಾತು ಕೊಟ್ಟೆ. ಮೂರು ದಿನ ಅವನೂ ನನ್ನ ಜೊತೆ ಕೂತು ಒರೆಸಿದ. ನಿನಗೆ ಜನರೇಟರ್ ಕೆಟ್ಟಿದೆ ಎಂದಿದ್ದ. ಅವನು ಹೋದ ಮೇಲೆ ಹೇಳಿಬಿಡಬಹುದಿತ್ತು. ಸತ್ತವನಿಗೆ ಕೊಟ್ಟ ಮಾತನ್ನು ಯಾರಿಂದ ವಾಪಸ್ ಕೇಳಲಿ?

ಈಗ ನನ್ನದೊಂದು. ಅಮ್ಮನನ್ನು ಹೊತ್ತು ಹತ್ತಿಸುವಾಗ ನಾನು ಗೋಡೆಯ ಆಚೆ, ಪೆಟ್ಟಿಗೆಯ ನೆತ್ತಿಯ ಮೇಲೆ ಕೂತು ಒರೆಸುತ್ತಿದ್ದೆ. ಮೂರನೇ ಮಹಡಿಯಲ್ಲಿ ಕುರ್ಚಿ ಇಳಿಸಿದ ಸದ್ದು ಕೇಳಿತು. ಆಗ ಕಿವಿ ಇತ್ತು. ಅಮ್ಮ ಏನೋ ಅಂದಳು. ದನಿ ತಿಳಿಯಿತು, ಮಾತು ತಿಳಿಯಲಿಲ್ಲ. ನಾನು ಕೇಳಿದ ಅವಳ ಕೊನೆಯ ದನಿ ಅದೇ. ಈಗ ಯಾವ ಸದ್ದೂ ಇಲ್ಲದಿರುವಾಗ ಅದೊಂದೇ ಕೇಳುತ್ತಿರುತ್ತದೆ. ನನ್ನನ್ನು ಬೈದಳೇ? ಬೈದಿದ್ದರೆ ಹಾಗೆಯೇ ಬರಿ.

ಇನ್ನೊಂದು. ನಾನು ಒಂದು ಸಲ ಅಲ್ಲಿಗೆ ಬರಬಹುದೇ?

ಅಣ್ಣ


ಆಗಸ್ಟ್ 18

ಅಣ್ಣನಿಗೆ,

ಇವತ್ತೂ ಉಪವಾಸ. ಬೆಳಗಿನ ಕೆಲಸ ಅರ್ಧಕ್ಕೇ ಬಿಟ್ಟು ಕೂತಿದ್ದೇನೆ, ನೀರು ತುಂಬಿ ಹರಿದರೆ ಹರಿಯಲಿ.

ಬೈಯಲಿಲ್ಲ. ಮೂರನೇ ಮಹಡಿಯಲ್ಲಿ ಕುರ್ಚಿ ಇಳಿಸಿದಾಗ ಲಿಫ್ಟಿನ ಮುಚ್ಚಿದ ಬಾಗಿಲು ಅಮ್ಮನ ಪಕ್ಕದಲ್ಲೇ ಇತ್ತು. ಒಳಗೆ ಉಜ್ಜುವ ಸದ್ದು. ಅಮ್ಮ ಅಂಗೈಯನ್ನು ಬಾಗಿಲ ಮೇಲೆ ಇಟ್ಟಳು, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ. "ಅವನೇ ಅಲ್ವಾ ಒಳಗೆ? ಒರೆಸೋಕೆ ಕೂತ್ರೆ ಅವನಿಗೆ ಹೊಟ್ಟೆ ನೆನಪಿರಲ್ಲ. ಊಟ ಮಾಡಿದ್ನಾ ಕೇಳು" ಅಂದಳು.

ಕೇಳು ಎಂದದ್ದು ನನಗೆ. ನಾನು ಕೇಳಲಿಲ್ಲ. "ಕುರ್ಚಿ ಎತ್ತಿ" ಅಂದೆ. ಕೊಟ್ಟ ಮಾತನ್ನು ನೀನು ಹನ್ನೊಂದು ವರ್ಷ ಉಳಿಸಿಕೊಂಡೆ. ಅಮ್ಮ ಕೇಳು ಎಂದ ಮಾತನ್ನು ನಾನು ಹನ್ನೊಂದು ವರ್ಷ ಮುಚ್ಚಿಟ್ಟೆ. ಇವತ್ತು ಕೇಳುತ್ತಿದ್ದೇನೆ. ಆವತ್ತು ಊಟ ಮಾಡಿದ್ದೆಯಾ ಅಣ್ಣ?

ಲಿಫ್ಟು ಈಗ ಹೇಗಿದೆಯೆಂದರೆ, ಕಣ್ಣು ಮುಚ್ಚಿ ನಿಂತರೆ ಹೊರಟದ್ದೇ ತಿಳಿಯುವುದಿಲ್ಲ. ಮೂರನೇ ಮಹಡಿ ದಾಟುವಾಗ ಮಾತ್ರ ನಾನು ಗೋಡೆಯ ಕಡೆ ತಿರುಗಿ ಕೈಮುಗಿಯುತ್ತೇನೆ. ರೋಗಿಗಳು ದೇವರ ಪಟ ಹುಡುಕುತ್ತಾರೆ. ಗೋಡೆಯ ಆಚೆಗಿರುವುದು ಹಳಿ, ಒಂದು ಉದ್ದನೆಯ ಗುರುತು, ಅದರ ಕೆಳಗೆ ಒಂದು ಬೆರಳುದ್ದದ್ದು.

ಬರಬಹುದೇ ಎಂದು ಕೇಳಿದ್ದೀಯ. ಉತ್ತರ ಬೇರೆ ಕಾಗದದಲ್ಲಿ ಬರೆದು, ಮಡಚಿ, ಲಿಫ್ಟಿನೊಳಗೆ ನನ್ನ ಸ್ಟೂಲಿನ ಕೆಳಗೆ ಗೈಡ್ ರೈಲ್ ಎಣ್ಣೆಯ ಡಬ್ಬಿಯ ಅಡಿ ಇಟ್ಟಿದ್ದೇನೆ. ಅದನ್ನು ಅಂಚೆಗೆ ಹಾಕುವುದಿಲ್ಲ. ಯಾರಾದರೂ ಬಂದು ತೆಗೆದುಕೊಂಡು ಹೋಗಬೇಕು. ಮಗಳನ್ನು ಕಳಿಸಬೇಡ, ನೀನೇ ಬಾ. ಮೆಟ್ಟಿಲು ಹತ್ತಬೇಡ. ಕೆಳಗೆ ನಿಂತು ಗುಂಡಿ ಒತ್ತು, ಬಾಗಿಲು ನಾನು ತೆಗೆಯುತ್ತೇನೆ.

ನಿನ್ನ
ಮೊಂಡಿ